ಗಂಟೆಗೆಷ್ಟು, ಸಾವಿರಕ್ಕೆಷ್ಟು

ಜೂನ್ 12, 2025, ಗುರುವಾರ
ಉಡುಪಿ

ಅಕ್ಕನ ಮಗ ಪಿಯುಸಿ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಿದ್ದ. ಗಂಟೆಗೆ 75 ರೂಪಾಯಿ ಕೂಲಿಯಾದರೆ ವಾರದ ಸಂಪಾದನೆಗೆ ಫಂಕ್ಷನ್, ಅಂದರೆ ಗಂಟೆ ಹಾಕಿದರೆ ಸಂಪಾದನೆ ಹೇಳುವ ಸೂತ್ರ, ಬರೆಯಬೇಕು. ‘ಗ’ ಗಂಟೆ ದುಡಿದರೆ ಸಿಗುವ ಕೂಲಿ ಕ(ಗ) = 75ಗ, ಅಷ್ಟು ಸಲೀಸು. ಡೊಮೈನ್ ಎಂತ, ಅಂದರೆ ‘ಗ’ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ಕೇಳಿದ್ದಕ್ಕೆ "ಎಷ್ಟು ಬೇಕಾದ್ರೂ" ಅಂದ. ವಾರಕ್ಕೆ ಇರುವುದೇ 168 ಗಂಟೆ ಮಾರಾಯ, ಊಟ ನಿದ್ದೆ ಬೇಡವಾ?

ಸಿಕ್ಕಿಬಿದ್ದದ್ದು ಓವರ್‌ಟೈಮಿನಲ್ಲಿ. ಕಾನೂನಿನ ಪ್ರಕಾರ ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಮೀರಿದರೆ ಮೀರಿದ್ದಕ್ಕೆ ದುಪ್ಪಟ್ಟು. ಇವನು 48 ದಾಟಿದ ಕೂಡಲೇ 150ಗ ಅಂತ ಬರೆದುಬಿಟ್ಟ. "ಗ್ರಾಫ್ ಹಾಕಿ ನೋಡು" ಅಂದೆ. 48ರಲ್ಲಿ 3,600 ರೂಪಾಯಿಗೆ ಮುಟ್ಟಿದ ಗೆರೆ ಒಂದೇ ನೆಗೆತಕ್ಕೆ 7,200ಕ್ಕೆ ಹೋಗಿ ಕೂತಿತು. ಒಂದು ನಿಮಿಷ ಜಾಸ್ತಿ ನಿಂತವನಿಗೆ ಇನ್ನೊಂದು ವಾರದ ಸಂಬಳ! ಅಂಥ ಧಣಿ ಸಿಕ್ಕಿದರೆ ನನಗೂ ಹೇಳು. ಆಮೇಲೆ ತಾನೇ ತಿದ್ದಿದ: 3,600 + 150(ಗ − 48). ಗೆರೆ ಮುರಿಯಲಿಲ್ಲ, 48ರಿಂದಾಚೆ ಏರು ಮಾತ್ರ ಕಡಿದಾಯಿತು.

ಪಕ್ಕದ ಮನೆಯ ಗಿರಿಜಕ್ಕ ಹಾಲಿಗೆ ಹೆಪ್ಪು ಕೇಳಲಿಕ್ಕೆ ಬಂದವರು ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದರು.

"ನಮ್ಮ ಕೂಲಿಗೂ ಬರೆದು ನೋಡುವ."

"ಗಂಟೆಗೆ ಎಷ್ಟು ಅಕ್ಕ?" ಅಂದ ಇವನು.

"ಬೀಡಿಗೆ ಗಂಟೆ ಎಲ್ಲಿ ಉಂಟು ಮಗಾ? ಸಾವಿರಕ್ಕೆ ಇಷ್ಟು ಅಂತ."

ಇವನು ಬಿಡಲಿಲ್ಲ. ಗಂಟೆಗೆ ಎಷ್ಟು ಬೀಡಿ ಕಟ್ಟುತ್ತೀರಿ, ಅದರಿಂದ ಗುಣಿಸಿದರೆ ಆಯಿತಲ್ಲ, ಸ್ಪೀಡ್ ಕಾನ್‌ಸ್ಟಂಟ್ ಅಂತ ಇಟ್ಟುಕೊಳ್ಳುವ ಅಂದ. ಗಿರಿಜಕ್ಕ ನಕ್ಕುಬಿಟ್ಟರು. ಬೆಳಿಗ್ಗೆ ಓಡುವ ಕೈ ಮಧ್ಯಾಹ್ನ ಓಡುವುದಿಲ್ಲವಂತೆ. ಎಲೆ ತೂತಾಗಿದ್ದರೆ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ತೂಗಿ ಕೊಟ್ಟದ್ದು ಸಾಲುವುದಿಲ್ಲ, ಕಮ್ಮಿ ಬಿದ್ದದ್ದನ್ನು ಕೈಯಿಂದ ದುಡ್ಡು ಹಾಕಿ ತರಬೇಕು. ಕೊನೆಗೆ ಆರಿಸುವವನು ಪಕ್ಕಕ್ಕೆ ತೆಗೆದಿಟ್ಟ ಬೀಡಿಗೆ ಕಾಸಿಲ್ಲ. ಹೇಳುತ್ತಾ ಬಲಗೈಯ ತೋರುಬೆರಳನ್ನು ಅವನ ಮುಂದೆ ಚಾಚಿದರು. ಕತ್ತರಿ ಕೂತಲ್ಲಿ ಚರ್ಮ ದಪ್ಪಗಾಗಿ ಹೊಳೆಯುತ್ತಿತ್ತು.

ಇವನು ಪೆನ್ಸಿಲ್ ಕಚ್ಚುತ್ತಾ ಕೂತ. ಕಳೆಯುವ ಗುರುತೊಂದನ್ನು ಹಾಕಿ ಮತ್ತೆ ಅಳಿಸಿದ.

ನನ್ನದು ಇದಕ್ಕಿಂತ ಸುಲಭದ ಫಂಕ್ಷನ್, ಅಡ್ಡ ಗೆರೆ. ಆಫೀಸಿನಿಂದ ಐದೂವರೆಗೆ ಹೊರಟರೂ ಎಂಟಕ್ಕೆ ಹೊರಟರೂ ತಿಂಗಳ ಕೊನೆಗೆ ಬರುವುದು ಅಷ್ಟೆ. ನಿನ್ನೆ ಎಂಟೂಕಾಲು.

ಹೆಪ್ಪು ಕೊಡಲಿಕ್ಕೆ ಮರೆತೇಹೋಗಿತ್ತು, ಮಳೆಯಲ್ಲಿ ಓಡಿ ಕೊಟ್ಟು ಬಂದೆ. ಅಲ್ಲಿ ಎಲೆಯನ್ನು ನೀರಲ್ಲಿ ನೆನೆಸಿ ತೆಗೆದು ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಈ ನೆನೆಸುವುದು, ಕತ್ತರಿಸುವುದು, ಬ್ರಾಂಚಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಇವುಗಳ ಹೊತ್ತನ್ನೂ ‘ಗ’ಕ್ಕೆ ಸೇರಿಸಿದರೆ ಗಂಟೆಗೆ ಬೀಳುವ ಕೂಲಿ ಎಷ್ಟಾದೀತು ಅಂತ ಒಮ್ಮೆ ಕೂತು ಲೆಕ್ಕ ಹಾಕಬೇಕು. ಗಿರಿಜಕ್ಕನಿಗೆ ಹೇಳುವುದಾ ಬೇಡವಾ ಅಂತ ಗೊತ್ತಾಗುತ್ತಿಲ್ಲ.