ಎಂಟನೆಯ ತರಗತಿಯ ಕಂಠಗಳಿಗೆ ಹೊಂದುವ ಶ್ರುತಿ

ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಂಗೀತ ಕಲಿಸುತ್ತೇನೆ. ಪ್ರತಿ ಜೂನ್ ತಿಂಗಳಲ್ಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ಬಂದು ಎಂಟನೆಯ ತರಗತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ನಲಿ-ಕಲಿಯ ದಿನಗಳಲ್ಲಿ, ಅಂದರೆ ಒಂದರಿಂದ ಮೂರನೆಯ ತರಗತಿಯವರೆಗೆ, ಕೈಕಾಲು ಕುಣಿಸುತ್ತಾ ಗಂಟಲು ಬಿಟ್ಟು ಹಾಡಿದ್ದ ಇದೇ ಮಕ್ಕಳು ಎಂಟಕ್ಕೆ ಬರುವ ಹೊತ್ತಿಗೆ ಬಾಯಿ ತೆರೆಯಲು ಹಿಂಜರಿಯುತ್ತಾರೆ. ಮೊದಲ ವಾರದಲ್ಲಿ ನನ್ನ ಕಿವಿಗೆ ಅತಿ ಹೆಚ್ಚು ಬೀಳುವ ಮಾತು ‘ನಂಗೆ ಹಾಡಕ್ಕೆ ಬರಲ್ಲ ಮಿಸ್’ ಎಂಬುದು. ಈ ಮಾತನ್ನು ಹುಡುಗಿಯರಿಗಿಂತ ಹುಡುಗರು ಹೆಚ್ಚಾಗಿ ಹೇಳುತ್ತಾರೆ, ಮತ್ತು ಅದನ್ನು ಮನಸಾರೆ ನಂಬಿಯೇ ಹೇಳುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ತಮ್ಮ ಕಂಠಕ್ಕೆ ಎಟುಕದ ಶ್ರುತಿಯಲ್ಲಿ, ಅಂದರೆ ಎಟುಕದ ಎತ್ತರದ ಆಧಾರ ಸ್ವರದಲ್ಲಿ, ಹಾಡಬೇಕಾಗಿ ಬಂದು ಸುಮ್ಮನಾದವರು ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಎಂಟನೆಯ ತರಗತಿಯ ಸಂಗೀತ ಶಿಕ್ಷಕರು ಯಾವ ಹಾಡು ಕಲಿಸಬೇಕೆಂದು ಯೋಚಿಸುವುದಕ್ಕೆ ಮೊದಲು ಯಾವ ಶ್ರುತಿಯಲ್ಲಿ ಕಲಿಸಬೇಕೆಂದು ಯೋಚಿಸಬೇಕು.

ಹದಿಮೂರು-ಹದಿನಾಲ್ಕರ ವಯಸ್ಸು ಧ್ವನಿಪೆಟ್ಟಿಗೆ ಬೆಳೆಯುವ ಕಾಲ. ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಬೆಳೆದ ಗಂಡಸಿನಲ್ಲಿ ಅವು ಸುಮಾರು 20 ಮಿಲಿಮೀಟರ್ ಉದ್ದವಿದ್ದರೆ ಹೆಂಗಸಿನಲ್ಲಿ ಅದಕ್ಕಿಂತ ಸುಮಾರು 5 ಮಿಲಿಮೀಟರ್ ಕಡಿಮೆ. ಈ ಬೆಳವಣಿಗೆ ಮುಗಿದಾಗ ಹುಡುಗನ ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರದಷ್ಟು) ಕೆಳಗೆ ಇಳಿದಿರುತ್ತದೆ. ಹುಡುಗಿಯ ಧ್ವನಿಯೂ ಬದಲಾಗುತ್ತದೆ, ಆದರೆ ಅದು ಎರಡು-ಮೂರು ಸ್ವರಗಳಷ್ಟೇ ಇಳಿಯುವುದರಿಂದ ಹೊರಗಿನವರ ಗಮನಕ್ಕೆ ಬರುವುದಿಲ್ಲ. ಸ್ವಲ್ಪ ಕಾಲ ಧ್ವನಿಯಲ್ಲಿ ಉಸಿರು ಬೆರೆತಂತೆ ಕೇಳಿಸುತ್ತದೆ, ಅಷ್ಟೇ. ಕಷ್ಟವಿರುವುದು ನಡುವಿನ ತಿಂಗಳುಗಳಲ್ಲಿ. ಆ ಅವಧಿಯಲ್ಲಿ ಹುಡುಗನಿಗೆ ಹಿಡಿತಕ್ಕೆ ಸಿಕ್ಕುವುದು ಕೆಲವೇ ಸ್ವರಗಳು. ಮೇಲಿನವು ಕೈಬಿಟ್ಟಿರುತ್ತವೆ, ಕೆಳಗಿನವು ಇನ್ನೂ ಬಂದಿರುವುದಿಲ್ಲ. ಒಂದೇ ತರಗತಿಯಲ್ಲಿ ಒಬ್ಬನ ಕಂಠ ಇನ್ನೂ ಬಾಲಕನದ್ದು, ಪಕ್ಕದವನದ್ದು ಪೂರ್ತಿ ಒಡೆದದ್ದು, ಮೂರನೆಯವನದ್ದು ಎರಡರ ನಡುವೆ ತೂಗಾಡುತ್ತಿರುವುದು. ವಿಜ್ಞಾನದ ತರಗತಿಯಲ್ಲಿ ಹದಿಹರೆಯದ ಪಾಠ ನಡೆಯುವುದಕ್ಕೆ ಕಾಯದೆ ನಾನು ಜೂನ್‌ನಲ್ಲೇ ಇದನ್ನೆಲ್ಲ ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಗಂಟಲಿನ ಮೇಲೆ ಬೆರಳಿಟ್ಟುಕೊಂಡು ‘ಮ್’ ಎಂದು ನಾದ ಹಿಡಿದರೆ ಕಂಪನ ತಾನಾಗಿಯೇ ಬೆರಳಿಗೆ ತಿಳಿಯುತ್ತದೆ. ಒಬ್ಬನ ಧ್ವನಿ ಹಾಡಿನ ನಡುವೆ ಒಡೆದಾಗ ಉಳಿದವರು ನಗುವುದು ಆ ದಿನದಿಂದಲೇ ಕಡಿಮೆಯಾಗುತ್ತದೆ, ಏಕೆಂದರೆ ಅದು ತಮಗೂ ಬರಲಿದೆ ಎಂದು ಅವರಿಗೆ ಗೊತ್ತಾಗಿರುತ್ತದೆ.

ಇನ್ನು ಶ್ರುತಿಯ ಲೆಕ್ಕ. ಹಾರ್ಮೋನಿಯಂನ ಸಿ ಸ್ವರವನ್ನು ಒಂದು ಮನೆ ಎಂದು ಎಣಿಸುವ ನಮ್ಮ ರೂಢಿಯಲ್ಲಿ ಹೆಂಗಸರು ಸಾಮಾನ್ಯವಾಗಿ ಐದು ಮನೆಯ ಆಸುಪಾಸಿನಲ್ಲಿಯೂ ಗಂಡಸರು ಒಂದರಿಂದ ಎರಡು ಮನೆಯಲ್ಲಿಯೂ ಹಾಡುತ್ತಾರೆ. ಶಿಕ್ಷಕಿಯು ತನ್ನ ಅನುಕೂಲಕ್ಕೆ ಐದು ಮನೆಗೆ ಶ್ರುತಿ ಹಾಕಿ ಸ್ವರಾಭ್ಯಾಸದ ಆರಂಭದ ಪಾಠವಾದ ಮೊದಲ ಸರಳೆ ವರಸೆಯನ್ನು ಆರಂಭಿಸಿದರೆ ಏನಾಗುತ್ತದೆಂದು ನೋಡಿ. ಮೊದಲ ಸರಳೆಯೇ ಷಡ್ಜದಿಂದ (ಸ) ಹೊರಟು ತಾರಷಡ್ಜವನ್ನು, ಅಂದರೆ ಮೇಲಿನ ‘ಸ’ವನ್ನು, ಮುಟ್ಟುತ್ತದೆ. ಧ್ವನಿ ಒಡೆದ ಹುಡುಗ ಪಂಚಮದವರೆಗೆ (ಪ) ಬಂದು, ಧೈವತದಲ್ಲಿ (ದ) ತಡವರಿಸಿ, ನಿಷಾದದಲ್ಲಿ (ನಿ) ಒಂದೋ ಕಿರುಚುತ್ತಾನೆ ಇಲ್ಲವೇ ಬಾಯಿ ಮುಚ್ಚುತ್ತಾನೆ. ಆತನ ಕಿವಿ ಚೆನ್ನಾಗಿಯೇ ಇದೆ, ಲಯವೂ ಇದೆ. ಆದರೂ ಪಾಠದ ಮೊದಲ ಸಾಲೇ ಅವನನ್ನು ಹೊರಗೆ ಕಳುಹಿಸಿಬಿಟ್ಟಿತು.

ಇದಕ್ಕೆ ನಾನು ಕಂಡುಕೊಂಡಿರುವ ಹಾದಿ ಸರಳವಾದದ್ದು. ಮೊದಲ ಕೆಲವು ತಿಂಗಳು ಶ್ರುತಿಯನ್ನು ನಾಲ್ಕು ಮನೆಗೆ ಇಟ್ಟು, ಷಡ್ಜದಿಂದ ಪಂಚಮದವರೆಗಿನ ಸ್ವರಗಳನ್ನಷ್ಟೇ ಬಳಸುತ್ತೇನೆ. ಈ ಐದು ಸ್ವರಗಳ ಹರವು ಹುಡುಗಿಯರಿಗೆ ತುಸು ಕೆಳಗಿನದು, ಒಡೆದ ಕಂಠದ ಹುಡುಗರಿಗೆ ಮೇಲಿನದು, ನಡುವೆ ಇರುವವರಿಗೆ ತಕ್ಕಮಟ್ಟಿಗೆ ಹಿಡಿತಕ್ಕೆ ಸಿಕ್ಕುವಂಥದ್ದು. ಎಲ್ಲರೂ ಒಂದೇ ಸ್ಥಾಯಿಯಲ್ಲಿ, ಒಂದೇ ನಾದದಲ್ಲಿ ಸೇರಿ ಹಾಡಬಹುದಾದ ಜಾಗ ಇದೊಂದೇ. ಮೊದಲು ಷಡ್ಜವೊಂದನ್ನೇ ಹಿಡಿಸುತ್ತೇನೆ. ಅಕಾರದಲ್ಲಿ, ಅವಸರವಿಲ್ಲದೆ, ಉಸಿರು ಇರುವಷ್ಟು ಹೊತ್ತು. ಇಡೀ ತರಗತಿಯ ಷಡ್ಜ ಶ್ರುತಿಪೆಟ್ಟಿಗೆಯ ನಾದದೊಳಗೆ ಬೆರೆತುಹೋದ ಕ್ಷಣವನ್ನು ಮಕ್ಕಳೇ ಗುರುತಿಸುತ್ತಾರೆ, ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಪಂಚಮ, ಅನಂತರ ಅವೆರಡರ ನಡುವಿನ ಸ್ವರಗಳು. ಹಾರ್ಮೋನಿಯಂ ಅನ್ನು ಈ ಹಂತದಲ್ಲಿ ಮುಚ್ಚಿಯೇ ಇಡುವುದು ಒಳ್ಳೆಯದು. ಅದರ ಸದ್ದಿನಲ್ಲಿ ಮಕ್ಕಳು ಒಬ್ಬರ ಧ್ವನಿಯನ್ನು ಒಬ್ಬರು ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಶ್ರುತಿಪೆಟ್ಟಿಗೆ ಸಾಕು, ಅದಿಲ್ಲದ ಶಾಲೆಯಲ್ಲಿ ಮೊಬೈಲಿನ ತಂಬೂರಿ ಸಾಕು.

ರಾಗದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಎಲ್ಲ ಸಂಗೀತಗಾರರೂ ಒಪ್ಪಲಾರರು. ಹದಿನೈದನೆಯ ಮೇಳವಾದ (ಮೂಲರಾಗವಾದ) ಮಾಯಾಮಾಳವಗೌಳವನ್ನು ಆರಂಭದ ಪಾಠಕ್ಕೆ ಇಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ನಂಬಿಕೆ, ಮತ್ತು ಆ ಆಯ್ಕೆಯ ಹಿಂದೆ ದೊಡ್ಡ ವಿವೇಕವಿದೆ: ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪಂಚಮದಿಂದ ತಾರಷಡ್ಜದವರೆಗೂ ಅಷ್ಟಷ್ಟೇ ಇದೆ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧ ಅದರ ಪ್ರತಿರೂಪವಾಗಿ ಬರುತ್ತದೆ. ಆದರೆ ಗುರುವಿನ ಎದುರು ಒಬ್ಬರೇ ಕೂತು ಕಲಿಯುವ ಮಗುವಿಗೂ, ನಲವತ್ತು ನಿಮಿಷದ ಅವಧಿಯಲ್ಲಿ ಗುಂಪಾಗಿ ಕಲಿಯುವ ತರಗತಿಗೂ ವ್ಯತ್ಯಾಸವಿದೆ. ಷಡ್ಜಕ್ಕೆ ಅಷ್ಟು ಹತ್ತಿರದಲ್ಲಿರುವ ಈ ರಾಗದ ಶುದ್ಧ ರಿಷಭವನ್ನು (ರಿ) ಗುಂಪು ಹಿಡಿಯುವಾಗ ಅದು ಒಂದೋ ಷಡ್ಜದ ಕಡೆಗೆ ಜಾರುತ್ತದೆ, ಇಲ್ಲವೇ ಅದಕ್ಕಿಂತ ಮೇಲಿನ ಚತುಶ್ರುತಿ ರಿಷಭದ ಕಡೆಗೆ ಏರುತ್ತದೆ. ಅದಕ್ಕಾಗಿ ನಾನು ದಸರಾ ರಜೆಯವರೆಗೆ ಮೋಹನ ರಾಗದ ಸ-ರಿ-ಗ-ಪ ಸ್ವರಗಳಲ್ಲೇ ಮಕ್ಕಳನ್ನು ಓಡಾಡಿಸುತ್ತೇನೆ. ಈ ಸ್ವರಗಳು ಅವರ ಕಿವಿಗೆ ಹೊಸವಲ್ಲ. ಊರಿನ ಭಜನೆಯಲ್ಲಿ, ಕೋಲಾಟದಲ್ಲಿ, ಅಜ್ಜಿಯರ ಸೋಬಾನೆಯಲ್ಲಿ ಅವು ಈಗಾಗಲೇ ಇವೆ. ರಜೆ ಮುಗಿದ ಮೇಲೆ ಬರುವ ಮಾಯಾಮಾಳವಗೌಳವು ಆಗ ಶ್ರುತಿಯಲ್ಲಿ ನಿಲ್ಲುವುದನ್ನು ಕಲಿತ ತರಗತಿಗೆ ಬರುತ್ತದೆ.

ಇಲ್ಲಿ ನಮ್ಮ ಊರಿನ ಒಂದು ಹೆಮ್ಮೆಯನ್ನು ಹೇಳದೆ ಮುಂದೆ ಹೋಗಲಾರೆ. ಪುರಂದರದಾಸರ ಗುರುಗಳು ವ್ಯಾಸರಾಯರು; ವ್ಯಾಸರಾಯರು ವಿದ್ಯೆ ಕಲಿತದ್ದು ಶ್ರೀಪಾದರಾಜರ ಬಳಿ, ಇದೇ ಮುಳಬಾಗಿಲಿನಲ್ಲಿ. ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡ ದೇವರನಾಮಗಳನ್ನು ರಚಿಸಿ ಹರಿದಾಸ ಪರಂಪರೆಗೆ ದಾರಿ ತೆರೆದ ಶ್ರೀಪಾದರಾಜರ ಬೃಂದಾವನ ಊರಿನ ಪಕ್ಕದ ನರಸಿಂಹತೀರ್ಥದಲ್ಲಿದೆ. ನಮ್ಮ ಮಕ್ಕಳು ಅಲ್ಲಿಗೆ ಹೋಗಿರುತ್ತಾರೆ, ಪ್ರಸಾದ ಉಂಡಿರುತ್ತಾರೆ, ಆದರೆ ತಾವು ಕಲಿಯುತ್ತಿರುವ ಸರಳೆ ವರಸೆಗೂ ಆ ಜಾಗಕ್ಕೂ ಸಂಬಂಧವಿದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸಂಗೀತ ಮೈಸೂರಿನದ್ದು, ಬೆಂಗಳೂರಿನದ್ದು, ತಮಗೆ ಸೇರಿದ್ದಲ್ಲ ಎಂದುಕೊಂಡಿರುವ ಮಕ್ಕಳಿಗೆ ಇದನ್ನು ತಿಳಿಸುವುದು ಸ್ವರ ಕಲಿಸುವಷ್ಟೇ ಮುಖ್ಯವಾದ ಕೆಲಸ.

ನಮ್ಮದು ಗಡಿ ಸೀಮೆ. ಶಾಲೆಯಲ್ಲಿ ಕನ್ನಡ, ಅನೇಕರ ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ತಮಿಳು ಅಥವಾ ಉರ್ದು. ಮನೆಯಿಂದ ಒಂದು ಹಾಡು ಕಲಿತು ಬನ್ನಿ ಎಂದರೆ ಮಕ್ಕಳು ತೆಲುಗಿನದ್ದನ್ನು ತರಬಹುದೇ ಎಂದು ಅಳುಕಿನಿಂದ ಕೇಳುತ್ತಾರೆ. ಖಂಡಿತ ತರಬಹುದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ತೆಲುಗು ಕನ್ನಡ ಎರಡರಲ್ಲೂ ರಚನೆ ಮಾಡಿದವರು. ಗುರುಪೂರ್ಣಿಮೆಯ ಹೊತ್ತಿಗೆ ಅಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಕಚೇರಿ ಮಾಡುವ ವಿದ್ವಾಂಸರ ಜೊತೆಗೆ ಹಳ್ಳಿಯ ಭಜನಾ ಮಂಡಳಿಗಳೂ ಹಾಡುತ್ತವೆ. ಮನೆಯಿಂದ ಬಂದ ಹಾಡನ್ನು ತಿದ್ದಲು ನಾನು ಹೋಗುವುದಿಲ್ಲ. ಅದು ಯಾವ ಸ್ವರಗಳಲ್ಲಿ ನಡೆಯುತ್ತಿದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳೇ ಹುಡುಕುತ್ತಾರೆ. ಹುಡುಕುವಾಗ ಅವರಿಗೆ ತಿಳಿಯದಂತೆಯೇ ಸ್ವರಜ್ಞಾನ ಬೆಳೆಯುತ್ತದೆ.

ಲಯದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗಳ ಮಕ್ಕಳಿಗೆ ಕಲಿಸುವುದಕ್ಕಿಂತ ಅವರಿಂದ ಕಲಿಯುವುದೇ ಹೆಚ್ಚಿರುತ್ತದೆ. ಜಾತ್ರೆಯಲ್ಲಿ, ಕರಗದಲ್ಲಿ, ದೇವರ ಮೆರವಣಿಗೆಯಲ್ಲಿ ತಮಟೆ ಬಾರಿಸುವ ಹುಡುಗರು ಹೆಚ್ಚುಕಡಿಮೆ ಪ್ರತಿ ವರ್ಷವೂ ತರಗತಿಯಲ್ಲಿ ಇರುತ್ತಾರೆ. ಆದಿತಾಳದ ಎಂಟು ಅಕ್ಷರಗಳನ್ನು ಕೈಯಲ್ಲಿ ಹಾಕುತ್ತಾ ಎರಡನೆಯ ಕಾಲಕ್ಕೆ, ಮೂರನೆಯ ಕಾಲಕ್ಕೆ (ಇಮ್ಮಡಿ, ನಾಲ್ಮಡಿ ವೇಗಕ್ಕೆ) ಹೋದಾಗ ಉಳಿದವರ ಕೈ ಓಡತೊಡಗಿದರೂ ಈ ಹುಡುಗರ ಕೈ ಅಲುಗುವುದಿಲ್ಲ. ಆದರೂ ‘ತಮಟೆ ಬಾರಿಸಲು ಬರುತ್ತದೆ’ ಎಂದು ಅವರು ತಾವಾಗಿಯೇ ಹೇಳುವುದಿಲ್ಲ. ಆ ವಾದ್ಯಕ್ಕೆ ನಮ್ಮ ಸಮಾಜ ಅಂಟಿಸಿರುವ ಜಾತಿಯ ನೆನಪು ಹದಿಮೂರರ ಹುಡುಗನಿಗೂ ಚೆನ್ನಾಗಿ ಗೊತ್ತು. ಹಾಗಾಗಿ ಯಾರ ಹೆಸರನ್ನೂ ಕೂಗಿ ಕರೆಯದೆ, ಮೊದಲು ನಾನೇ ಒಂದು ತಮಟೆಯನ್ನು ತಂದು ಮೇಜಿನ ಮೇಲೆ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿಡುತ್ತೇನೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂದ ಸಂಗತಿಯನ್ನು ಹೇಳುತ್ತೇನೆ. ಬಲಗೈಯ ಕೋಲು, ಎಡಗೈಯ ಕಡ್ಡಿ ಬೇರೆಬೇರೆ ನಾದ ಕೊಡುವುದು ಹೇಗೆ, ಬಾರಿಸುವ ಮುಂಚೆ ಚರ್ಮವನ್ನು ಬೆಂಕಿಗೆ ಕಾಯಿಸುವುದೇಕೆ ಎಂದು ಇಡೀ ತರಗತಿಯನ್ನು ಕೇಳಿದಾಗ ಉತ್ತರ ಬರುವ ಮೂಲೆ ಯಾವುದೆಂದು ತಿಳಿಯುತ್ತದೆ. ಅನಂತರ ತಾಳದ ಪಾಠಕ್ಕೆ ಆ ಮಕ್ಕಳೇ ಮುಂದಾಳುಗಳು. ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಲಯ ಕಲಿಸಲು ಹೊರಡುವುದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಆದಿತಾಳ ಕೈಗೆ ಬಂದ ತರಗತಿಗೆ ತ್ರಿಪುಟ ತಾಳ ಕಲಿಸುವುದು ಸುಲಭ. ಆದಿತಾಳವು ಚತುರಶ್ರ ಜಾತಿಯ ತ್ರಿಪುಟವೇ ಆದ್ದರಿಂದ, ಲಘುವಿನಿಂದ, ಅಂದರೆ ಒಂದು ತಟ್ಟಿ ಬೆರಳು ಎಣಿಸುವ ಭಾಗದಿಂದ, ಒಂದು ಬೆರಳನ್ನು ಬಿಟ್ಟುಬಿಟ್ಟರೆ ನಾಲ್ಕು-ಎರಡು-ಎರಡು ಹೋಗಿ ಮೂರು-ಎರಡು-ಎರಡು ಆಗುತ್ತದೆ, ಎಂಟು ಏಳಾಗುತ್ತದೆ. ಇಷ್ಟು ತಿಳಿದರೆ ಸಂಕ್ರಾಂತಿಯ ಹೊತ್ತಿಗೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳಲ್ಲಿ, ಅಂದರೆ ಆರಂಭಿಕರ ಗೀತೆಗಳಲ್ಲಿ, ‘ಕೆರೆಯ ನೀರನು ಕೆರೆಗೆ ಚೆಲ್ಲಿ’ಯನ್ನು ಹೇಳಿಕೊಡಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿ ಬದುಕಿದ ಸೀಮೆಯ ಮಕ್ಕಳಿಗೆ ಅದರ ಸಾಹಿತ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಈ ಗೀತೆ ಆರಂಭದಲ್ಲಿಯೇ ತಾರಷಡ್ಜಕ್ಕೆ ಹೋಗುವುದರಿಂದ ನಾಲ್ಕು ಮನೆಯ ಶ್ರುತಿ ಇಲ್ಲಿ ನಡೆಯುವುದಿಲ್ಲ. ಆಗ ಶ್ರುತಿಯನ್ನು ಒಂದು ಮನೆಗೆ ಇಳಿಸಿ, ಧ್ವನಿ ಒಡೆದ ಹುಡುಗರನ್ನು ಕೆಳಗಿನ ಸ್ಥಾಯಿಯಲ್ಲಿ, ಹುಡುಗಿಯರನ್ನೂ ಇನ್ನೂ ಬಾಲಕಂಠವಿರುವ ಹುಡುಗರನ್ನೂ ಮೇಲಿನ ಸ್ಥಾಯಿಯಲ್ಲಿ ಹಾಡಿಸಬೇಕು. ನಡುವಿನ ಕಂಠದವರು ತಮಗೆ ಎಟುಕುವ ಸಾಲುಗಳನ್ನಷ್ಟೇ ಹಾಡಿ, ಉಳಿದ ಕಡೆ ತಾಳ ಹಿಡಿಯಲಿ. ಹೀಗೆ ಮಾಡುವುದು ಅವರನ್ನು ಬದಿಗೆ ಸರಿಸಿದಂತೆ ಆಗಬಾರದು. ಆದ್ದರಿಂದ ಏಳು ಎಣಿಕೆಯನ್ನು ತಪ್ಪದಂತೆ ಕಾಯುವ ಹೊಣೆ ಅವರದೆಂದು ತರಗತಿಗೆಲ್ಲ ಕೇಳುವಂತೆ ಹೇಳಿರಬೇಕು.

ಬೆಳಗಿನ ಪ್ರಾರ್ಥನೆಯ ಬಗ್ಗೆ ಎರಡು ಮಾತು. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಧಾಟಿ ಒಂದಾಯಿತು, ಅವಧಿ ಒಂದಾಯಿತು, ಆದರೆ ಶ್ರುತಿಯನ್ನು ಯಾರು ಹಿಡಿಯಬೇಕು? ಮುಂದೆ ನಿಂತ ಮಗು ಬಾಯಿಗೆ ಬಂದ ಎತ್ತರದಲ್ಲಿ ಆರಂಭಿಸಿದರೆ ಸಾಲಿನಲ್ಲಿ ನಿಂತ ಅರ್ಧಕ್ಕರ್ಧ ಹುಡುಗರು ತುಟಿಯನ್ನಷ್ಟೇ ಆಡಿಸುತ್ತಾರೆ. ದಿನವೂ ಹೀಗಾದರೆ ಹಾಡದಿರುವುದೇ ರೂಢಿಯಾಗುತ್ತದೆ. ಮೈಕಿನ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯೊಂದನ್ನು ಇಟ್ಟು, ಹಾಡುವ ಮೊದಲು ಒಂದು ಗಳಿಗೆ ಎಲ್ಲರೂ ಷಡ್ಜವನ್ನು ಕೇಳಿಸಿಕೊಂಡರೆ ಸಾಕು, ಇಡೀ ಅಂಗಳದ ಧ್ವನಿ ಬೇರೆಯಾಗುತ್ತದೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿಗೆ ಚೆನ್ನಾಗಿ ಹಾಡುವ ಒಬ್ಬಿಬ್ಬರನ್ನು ಆರಿಸಿ ತಯಾರು ಮಾಡುವುದು ಬೇಕಾದ ಕೆಲಸವೇ. ಸಂಗೀತದ ಜೂನಿಯರ್ ಪರೀಕ್ಷೆಗೆ ಕಟ್ಟಬಯಸುವ ಮಗುವಿಗೆ ಶಾಲೆ ಬಿಟ್ಟ ಮೇಲೆ ಪಾಠ ಹೇಳುವುದೂ ನನಗೆ ಸಂತೋಷವೇ. ಆದರೆ ತರಗತಿಯ ಅವಧಿ ಆ ಒಬ್ಬಿಬ್ಬರದ್ದಲ್ಲ. ಕಲಾಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಒಂದು ವಿಷಯವಾಗಿ ಕಲಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಎಲ್ಲ ಮಕ್ಕಳಿಗೂ ಎಂದರೆ ಧ್ವನಿ ಒಡೆದವನಿಗೂ ಎಂದೇ ನಾನು ಓದಿಕೊಳ್ಳುತ್ತೇನೆ.

ಕೊನೆಯದಾಗಿ, ಇದೇ ಕೆಲಸದಲ್ಲಿರುವ ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ಪ್ರತಿ ಮಗುವಿನ ಹೆಸರಿನ ಮುಂದೆ ಅದಕ್ಕೆ ಹಾಯಾಗಿ ಎಟುಕುವ ಕೆಳಗಿನ ಸ್ವರ ಯಾವುದು, ಮೇಲಿನ ಸ್ವರ ಯಾವುದು ಎಂದು ಜೂನ್‌ನಲ್ಲಿ ಒಮ್ಮೆ, ದಸರಾ ರಜೆಯ ನಂತರ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಬ್ಬೊಬ್ಬರನ್ನೇ ಎಲ್ಲರೆದುರು ಹಾಡಿಸಬೇಕಾಗಿಲ್ಲ; ನಾಲ್ಕೈದು ಮಕ್ಕಳನ್ನು ಗುಂಪಾಗಿ ಹಾಡಿಸಿ ಪಕ್ಕದಲ್ಲಿ ನಡೆದಾಡುತ್ತಾ ಕೇಳಿಸಿಕೊಂಡರೆ ತಿಳಿಯುತ್ತದೆ. ಬದಲಾಗುತ್ತಿರುವ ಕಂಠವುಳ್ಳ ಹುಡುಗನಿಗೆ ಆ ಪುಟವನ್ನು ತೋರಿಸಿ, ಮೇಲೆ ಕಳೆದುಕೊಂಡ ಸ್ವರಗಳ ಬದಲಿಗೆ ಕೆಳಗೆ ಎಷ್ಟು ಹೊಸ ಸ್ವರಗಳು ಬಂದಿವೆಯೆಂದು ಅವನೇ ಎಣಿಸಲಿ. ಒಂಬತ್ತನೆಯ ತರಗತಿಗೆ ಶ್ರುತಿ ನಿಗದಿ ಮಾಡುವಾಗ ಅದೇ ನೋಟ್‌ಬುಕ್ಕು ಕೈಯಲ್ಲಿರಬೇಕು. ಬೇರೆ ಶಿಕ್ಷಕರು ಬಂದರೆ ಅದನ್ನು ಅವರಿಗೆ ಕೊಟ್ಟು ಹೋಗಬೇಕು.