ಜಟ್ಲೆಂಡಿನ ಆಡುನುಡಿಯಲ್ಲಿ ಮಾತ್ರ ನಿಲ್ಲುವ ಪ್ರಾಸ

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಗೆಳೆತನದ ಹಾಡನ್ನು ಡ್ಯಾನಿಶ್ ಕವಿ ಯೆಪ್ಪೆ ಓಕ್ಯೇರ್ 1922ರಲ್ಲಿ ಡೆನ್ಮಾರ್ಕಿಗೆ ತಂದ. ತಂದದ್ದು ಶಿಷ್ಟ ಡ್ಯಾನಿಶ್‌ಗಲ್ಲ, ಜಟ್ಲೆಂಡಿನಲ್ಲಿರುವ ತನ್ನ ಸಾಲಿಂಗ್ ಸೀಮೆಯ ಆಡುನುಡಿಗೆ. ಮೊದಲ ಪದ್ಯ ಹೀಗಿದೆ:

ಸ್ಕುಲ್ ಗಮಲ್ ವೆನ್‌ಸ್ಕಬ್ ರೈನ್ ಫೊರ್‌ಗೋ
ಒ ಸ್ಟ್ರೂಯಸ್ ಫ್ರಾ ವೊರ್ ಮಿನ್?
ಸ್ಕುಲ್ ಗಮಲ್ ವೆನ್‌ಸ್ಕಬ್ ರೈನ್ ಫೊರ್‌ಗೋ
ಮೆ ಡೆಮ್ ಡಾವ್ ಸೋ ಲೆಂಗ್, ಲೆಂಗ್ ಸಿನ್?

ಹಳೆಯ ಗೆಳೆತನ ಪೂರ್ತಿ ಅಳಿದು, ನೆನಪಿನಿಂದಲೂ ಒರೆಸಿಹೋಗಬೇಕೆ, ಎಂದೋ ಕಳೆದ ಆ ದಿನಗಳ ಜೊತೆಗೆ? ಇಷ್ಟೇ ಭಾವ.

ಲಘು-ಗುರು ಹಾಕಿ ಮಾತ್ರೆ ಎಣಿಸಲು ಹೊರಟರೆ ಏನೂ ಸಿಗುವುದಿಲ್ಲ. ಇಲ್ಲಿ ಎಣಿಸಬೇಕಾದ್ದು ಒತ್ತು, ಅಂದರೆ ದನಿ ಊರಿ ಉಚ್ಚರಿಸುವ ಅಕ್ಷರಗಳು. ಮೊದಲ ಸಾಲಿನ ಎಂಟು ಅಕ್ಷರಗಳಲ್ಲಿ ಎರಡನೆಯದು, ನಾಲ್ಕನೆಯದು, ಆರನೆಯದು, ಎಂಟನೆಯದು ಒತ್ತಿನವು: ಗ, ವೆನ್, ರೈನ್, ಗೋ. ಎರಡನೆಯ ಸಾಲಿಗೆ ಆರು ಅಕ್ಷರ, ಮೂರು ಒತ್ತು. ಹೀಗೆ 4-3-4-3, ಯುರೋಪಿನ ಲಾವಣಿಗಳ ಹಳೆಯ ನಡೆ. ಆರಂಭದ ‘ಸ್ಕುಲ್’ ನಮ್ಮ ಪದ್ಮಗಣದ ಹಾಗೆ ತಾಳಕ್ಕೆ ಮುಂಚೆಯೇ ಬರುತ್ತದೆ.

ನಾಲ್ಕನೆಯ ಸಾಲು ಎಡವಿಸುತ್ತದೆ, ಏಕೆಂದರೆ ಅದರಲ್ಲಿ ಏಳು ಅಕ್ಷರ. ‘ಮೆ ಡೆಮ್’ ಎರಡನ್ನೂ ಒಂದೇ ಅಕ್ಷರದ ಅವಧಿಯಲ್ಲಿ ಹಗುರವಾಗಿ ದಾಟಿ ‘ಡಾವ್’ (ದಿನಗಳು) ಮೇಲೆ ಒತ್ತು ಹಾಕಬೇಕು. ಆಮೇಲೆ ಬರುವ ಎರಡು ‘ಲೆಂಗ್’ಗಳನ್ನು ಗಮನಿಸಿ. ಮೊದಲನೆಯದು ಒತ್ತಿನ ಜಾಗದಲ್ಲಿದೆ, ಎರಡನೆಯದು ಒತ್ತಿಲ್ಲದ ಜಾಗದಲ್ಲಿ. ಆದರೆ ಅದೇ ಪದ, ಅದೇ ತೂಕ, ಹಗುರವಾಗಿ ಉಚ್ಚರಿಸಲು ನಾಲಿಗೆ ಒಪ್ಪುವುದಿಲ್ಲ. ಸಾಲು ತಾನಾಗಿಯೇ ನಿಧಾನವಾಗುತ್ತದೆ, ಕಳೆದ ಕಾಲದ ದೂರ ಕಿವಿಗೇ ಕೇಳಿಸುತ್ತದೆ. ಇಡೀ ಪದ್ಯದಲ್ಲಿ ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ.

ಇನ್ನು ಪ್ರಾಸ. ನಮ್ಮ ಆದಿಪ್ರಾಸಕ್ಕೆ ಒಗ್ಗಿದ ಕಿವಿ ಸಾಲಿನ ತಲೆಯಲ್ಲಿ ಹುಡುಕುತ್ತದೆ, ಇಲ್ಲಿರುವುದು ಅಂತ್ಯದಲ್ಲಿ: ಮಿನ್, ಸಿನ್, ಪಲ್ಲವಿಯಲ್ಲಿ ಫಿನ್. ಮೂರನ್ನೂ ಬರೆಯುವಾಗ ಕೊನೆಗೆ ‘ಡ್’ ಇರುತ್ತದೆ, ಉಚ್ಚಾರದಲ್ಲಿ ಇಲ್ಲ. ಇವನ್ನೇ ಶಿಷ್ಟ ಡ್ಯಾನಿಶ್‌ಗೆ ತಿರುಗಿಸಿದರೆ ‘ಮಿನ್ನೆ’, ‘ಫಿನ್ನೆ’ ಹೇಗೋ ಕೂಡುತ್ತವೆ, ‘ಸಿನ್’ ಹೋಗಿ ‘ಸೀದನ್’ ಆಗಿ ಪ್ರಾಸ ಮುರಿಯುತ್ತದೆ. ‘ಡಾವ್’ ಕೂಡ ಎರಡಕ್ಷರದ ‘ಡೇಯ’ ಆಗಿ ಸಾಲು ಉಬ್ಬುತ್ತದೆ. ಪದದ ಕೊನೆಯ ಸ್ವರವನ್ನು ನುಂಗುವ ಜಟ್ಲೆಂಡಿನ ರೂಢಿಯೇ ಕವಿಗೆ ಒಂದಕ್ಷರದ ಗಟ್ಟಿ ಅಂತ್ಯಗಳನ್ನು ಕೊಟ್ಟಿದೆ. ಹಾಗಾಗಿ ಈ ಆಡುನುಡಿಯನ್ನು ಬರೀ ಹಳ್ಳಿಯ ಬಣ್ಣ ಎಂದು ವಿವರಿಸಿದರೆ ಸಾಲದು.

ಪಲ್ಲವಿಯ ಮೂರನೆಯ ಸಾಲಿನಲ್ಲಿ ಬಟ್ಟಲೆತ್ತುವ ಮಾತು ಬರುತ್ತದೆ. ಅಲ್ಲಿ ‘ಕೊಪ್’, ‘ಒಪ್’ ಎಂಬ ಒಳಪ್ರಾಸ ಎರಡನೆಯ ಮತ್ತು ನಾಲ್ಕನೆಯ ಒತ್ತಿಗೆ ಸರಿಯಾಗಿ ಬಿದ್ದು, ಸಾಲನ್ನು ಎರಡು ಸಮಪಾಲು ಮಾಡುತ್ತದೆ. ಇನ್ನು ‘ಡಾವ್’: ಪಲ್ಲವಿಯ ಮೊದಲ ಸಾಲಿನಲ್ಲಿ ಅದು ಸಮಾಸದ ಬಾಲವಾಗಿ ಮೂರನೆಯ ಒತ್ತಿನ ಮೇಲಿದೆ, ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ಮೊದಲ ಒತ್ತಿಗೇ ಬಂದು ನಿಲ್ಲುತ್ತದೆ. ಓದುವಾಗ ಈ ಮೂರಕ್ಕೂ ಒಂದೇ ತೂಕ ಕೊಡಬೇಡಿ. ಮೊದಲನೆಯದನ್ನು ಸಡಿಲ ಬಿಟ್ಟರೆ ಮಿಕ್ಕ ಎರಡು ಎದ್ದು ಕೇಳಿಸುತ್ತವೆ.