ಒಡೆದ ದವಡೆ ಹೊತ್ತು ಬಳ್ಳಾರಿಗೆ

ಮಾವನ ಕ್ರಷರ್ ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿದೆ. ಅದರ ಜಾ ಪ್ಲೇಟ್ ಮೂರೇ ವಾರಕ್ಕೆ ಒಡೆಯಿತು. ಜಾ ಪ್ಲೇಟ್ ಅಂದರೆ ಕಲ್ಲು ಅಗಿಯುವ ದವಡೆ. ಎದುರುಬದುರು ಎರಡಿರುತ್ತವೆ, ಒಂದು ಅಲುಗಾಡದೆ ನಿಂತಿರುತ್ತದೆ, ಇನ್ನೊಂದು ಹಿಂದೆ ಮುಂದೆ ಆಡುತ್ತಾ ಬಂಡೆಯನ್ನು ಜಲ್ಲಿ ಮಾಡುತ್ತದೆ. ಸವೆದಿದ್ದರೆ ಮಾವ ಸುಮ್ಮನಿರುತ್ತಿದ್ದರು. ಇದು ಬಿಸ್ಕತ್ತಿನ ಹಾಗೆ ಮುರಿದಿತ್ತು. ಮುರಿದ ಜಾಗದಲ್ಲಿ ನೋಡಿದರೆ ಒಳಗೆ ಹೆಬ್ಬೆರಳು ತೂರುವಷ್ಟು ಪೊಳ್ಳು. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ "ನೀವೇ ದೊಡ್ಡ ಕಲ್ಲು ಹಾಕಿರ್ತೀರಿ" ಅಂದರಂತೆ. "ನಡಿ ಅಳಿಯಾ, ಬಳ್ಳಾರಿಗೆ ಹೋಗಿ ಬೇರೆ ಕಡೆ ಹಾಕಿಸೋಣ" ಅಂತ ಮಾವ ಬೆಳಿಗ್ಗೆ ಐದಕ್ಕೇ ಬೊಲೆರೋ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿದರು. ಹಿಂದೆ ಆ ಎರಡು ತುಂಡು, ಮುಂದೆ ನಾವಿಬ್ಬರು.

ಗಿಣಿಗೇರಾ ದಾಟುವಾಗ ಬೇವಿನಹಳ್ಳಿಯ ಕಿರ್ಲೋಸ್ಕರ್ ಫ್ಯಾಕ್ಟರಿ ಕಡೆ ಕೈ ತೋರಿಸಿ, "ಇಲ್ಲೇ ಎರಕ ಹಾಕ್ತಾರಲ್ಲ ಮಾವ, ಬಳ್ಳಾರಿ ಯಾಕೆ?" ಅಂದೆ. ಮಾವ ನಕ್ಕರು. ಅಲ್ಲಿ ಎರಕ ಹೊಯ್ಯುವುದು ಬೀಡುಕಬ್ಬಿಣ, ಎಂಜಿನ್ ಬ್ಲಾಕ್ ಥರದ್ದು. ಬೀಡಿನಲ್ಲಿ ಇಂಗಾಲ ನೂರಕ್ಕೆ ಮೂರರ ಮೇಲಿರುತ್ತದೆ, 1200 ಡಿಗ್ರಿ ಆಸುಪಾಸಿಗೆ ಕರಗಿ ನೀರಾಗಿ ಹರಿಯುತ್ತದೆ. ನಮ್ಮ ದವಡೆ ಉಕ್ಕಿನದು, ಉಕ್ಕಿಗೆ 1500 ಹತ್ತಿರ ಬೇಕು. ಅದು ಬೀಡಿನಷ್ಟು ಸಲೀಸಾಗಿ ಅಚ್ಚಿನೊಳಗೆ ಹರಿಯುವುದಿಲ್ಲ, ಆರುವಾಗ ಕುಗ್ಗುವುದೂ ಜಾಸ್ತಿ. ಈ ಕುಗ್ಗುವ ವಿಷಯವನ್ನು ಆಗ ನಾನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಹೊಸಪೇಟೆ ಬಂದಿದ್ದು ಹೋಗಿದ್ದು ಗೊತ್ತಾಗಲಿಲ್ಲ. ತೋರಣಗಲ್ಲಿನಲ್ಲಿ ಒಗ್ಗರಣೆ-ಮಿರ್ಚಿಗೆ ನಿಲ್ಲಿಸಿದೆವು. ನಮ್ಮ ಕಡೆಯವರಿಗೆ ಇದಿಲ್ಲದೆ ಬೆಳಗಾಗುವುದಿಲ್ಲ, ಅಲ್ವಾ? ಜಿಂದಾಲ್‌ನಲ್ಲಿ ಕಾಸ್ಟರ್ (ಉಕ್ಕಿನ ಎರಕ ಹೊಯ್ಯುವ ಯಂತ್ರ) ಮೇಲೆ ಕೆಲಸ ಮಾಡುವ ನನ್ನ ಗೆಳೆಯ ನೈಟ್ ಶಿಫ್ಟ್ ಮುಗಿಸಿ ಅಲ್ಲಿಗೇ ಬಂದ. ಅವನ ಕೆಲಸ ಕೇಳಿದರೆ ನನಗೆ ಯಾವಾಗಲೂ ಬೆರಗು. ಅಲ್ಲಿ ಒಂದೊಂದೇ ಅಚ್ಚು ತುಂಬಿಸುವ ಮಾತೇ ಇಲ್ಲ. ಲ್ಯಾಡಲ್ ಅನ್ನುವ ದೊಡ್ಡ ಬಕೆಟ್ಟಿನಿಂದ ಕರಗಿದ ಉಕ್ಕು ಟಂಡಿಶ್ ಅನ್ನುವ ತೊಟ್ಟಿಗೆ, ಅಲ್ಲಿಂದ ತಳವೇ ಇಲ್ಲದ ತಾಮ್ರದ ಅಚ್ಚಿಗೆ ಇಳಿಯುತ್ತದೆ. ತಾಮ್ರದ ಹಿಂದೆ ನೀರು ಹರಿಯುತ್ತಲೇ ಇರುತ್ತದೆ. ಹೊರಗೆ ತೆಳ್ಳಗೆ ಒಂದು ಚರ್ಮ ಕಟ್ಟುತ್ತದೆ, ಒಳಗಿನ್ನೂ ಕುದಿಯುವ ಉಕ್ಕು. ಹಾಗೆಯೇ ಅದನ್ನು ರೋಲರ್‌ಗಳು ಕೆಳಗೆ ಎಳೆಯುತ್ತವೆ, ಮೇಲೆ ನೀರು ಸಿಂಪಡಿಸುತ್ತಾರೆ, ಕೊನೆಗೆ ಗ್ಯಾಸ್‌ನಿಂದ ಕತ್ತರಿಸುತ್ತಾರೆ.

"ಚರ್ಮ ಅಂಟಬಾರದು ಅಂತ ಅಚ್ಚು ಮೇಲೆ ಕೆಳಗೆ ಆಡ್ತಾನೇ ಇರುತ್ತೆ. ಆ ಚರ್ಮ ಹರೀತು ಅನ್ಕೋ, ಬ್ರೇಕ್‌ಔಟ್. ಆವಾಗ ಓಡೋದೇ" ಅಂತ ಮಿರ್ಚಿ ಕಡಿಯುತ್ತಾ ಹೇಳಿದ.

ಅಗಲವಾಗಿ ಬಂದರೆ ಸ್ಲ್ಯಾಬ್, ಅದರಿಂದ ತಗಡು. ಚೌಕದ ಉದ್ದ ಕೋಲಾದರೆ ಬಿಲೆಟ್, ಅದರಿಂದ ಮನೆ ಕಟ್ಟುವ ಕಂಬಿ. ಇವತ್ತು ಜಗತ್ತಿನ ಉಕ್ಕಿನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹೀಗೇ ಎರಕವಾಗುತ್ತದೆ. ಆದರೆ ಹಲ್ಲುಹಲ್ಲಿನ ದವಡೆ ಬೇಕು ಅಂದರೆ ಮರಳಿನ ಅಚ್ಚೇ ಗತಿ.

ಬಳ್ಳಾರಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಫೌಂಡ್ರಿ ಸಣ್ಣದು, ತಗಡಿನ ಶೆಡ್, ಬಾಗಿಲಲ್ಲೇ ಗುಜರಿ ರಾಶಿ. ಮಾವನ ತುಂಡನ್ನು ಇಳಿಸಿದ್ದೇ ತಡ, ಒಬ್ಬ ವಯಸ್ಸಾದ ಮೇಸ್ತ್ರಿ ಬಂದು (ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು) ಜೇಬಿನಿಂದ ಅಯಸ್ಕಾಂತ ತೆಗೆದು ಅದಕ್ಕೆ ಹಿಡಿದರು. ಅಂಟಲಿಲ್ಲ. ನಾನು "ಅಯ್ಯೋ, ಮೋಸ!" ಅಂದೇಬಿಟ್ಟೆ. ಚಾಚಾ ತಲೆ ಅಲ್ಲಾಡಿಸಿದರು. ಮ್ಯಾಂಗನೀಸ್ ಉಕ್ಕು ಅಂಟಲೇಬಾರದಂತೆ. ಇದರಲ್ಲಿ ಮ್ಯಾಂಗನೀಸ್ ನೂರಕ್ಕೆ 11ರಿಂದ 14ರಷ್ಟು ಇರುತ್ತದೆ, ಏಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತಾ ಹೋಗುತ್ತದೆ. 1882ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು. ಮ್ಯಾಂಗನೀಸ್ ಅದಿರೇನೋ ನಮ್ಮ ಸಂಡೂರಿನ ಗುಡ್ಡದಲ್ಲೇ ಸಿಗುತ್ತದೆ.

"ಮಾಲು ಚಲೋ ಐತ್ರಿ ಸಾವ್ಕಾರ್ರೇ. ಎರಕ ಆರಿಸೋದ್ರಾಗ ತಪ್ಪ್ಯಾರ" ಅಂದರು ಚಾಚಾ, ಆ ಪೊಳ್ಳಿನಲ್ಲಿ ಬೆರಳಾಡಿಸುತ್ತಾ.

ಆಮೇಲೆ ಅವರು ತೋರಿಸಿದ್ದು ಬಡಗಿಯ ಸ್ಕೇಲ್. ಎರಕಕ್ಕೆ ಮೊದಲು ಮರದಲ್ಲಿ ಪ್ಯಾಟರ್ನ್ (ಬೇಕಾದ ವಸ್ತುವಿನ ಮಾದರಿ) ಮಾಡುತ್ತಾರಲ್ಲ, ಅದಕ್ಕೆ ಬಳಸುವ ಸ್ಕೇಲ್ ಇದು. ನನ್ನ ಹತ್ತಿರದ ಟೇಪ್ ಪಕ್ಕ ಇಟ್ಟು ನೋಡಿದೆ. ಅದರ ಒಂದು ಮೀಟರ್ ನಮ್ಮ ಮೀಟರ್‌ಗಿಂತ ಎರಡು ಸೆಂಟಿಮೀಟರ್ ಉದ್ದ! ಉಕ್ಕು ಆರುವಾಗ ಅಷ್ಟು ಕುಗ್ಗುತ್ತದೆ, ಹಾಗಾಗಿ ಸ್ಕೇಲೇ ಸುಳ್ಳು ಹೇಳಬೇಕು. ಮ್ಯಾಂಗನೀಸ್ ಉಕ್ಕಿಗೆ ಇನ್ನೂ ಸ್ವಲ್ಪ ಜಾಸ್ತಿ ಬಿಡುತ್ತಾರಂತೆ. ಅವತ್ತಿನ ಇಡೀ ದಿನದಲ್ಲಿ ನನಗೆ ಹಿಡಿಸಿದ ವಸ್ತು ಇದೇ.

ಅಚ್ಚಿನ ಮರಳಿಗೆ ಸೋಡಿಯಂ ಸಿಲಿಕೇಟ್ ಕಲಸಿರುತ್ತಾರೆ. ಪ್ಯಾಟರ್ನ್ ಸುತ್ತ ತುಂಬಿ, ಗುದ್ದಿ, ಸಿಲಿಂಡರ್‌ನಿಂದ ಸಿಒಟು (ಕಾರ್ಬನ್ ಡೈಆಕ್ಸೈಡ್) ಗ್ಯಾಸ್ ಬಿಟ್ಟರೆ ಬುಸ್ಸೆನ್ನುವ ಸದ್ದು, ಒಂದು ನಿಮಿಷವೂ ಹಿಡಿಯದೆ ಮರಳು ಕಲ್ಲಾಗುತ್ತದೆ. ಉಗುರಿನಿಂದ ಕೆರೆದು ನೋಡಿದೆ, ಉಗುರೇ ಸವೆಯಿತು. ಬರೀ ಮರಳಾದರೆ ಮ್ಯಾಂಗನೀಸ್ ಉಕ್ಕು ಅದಕ್ಕೆ ಕಚ್ಚಿಕೊಳ್ಳುತ್ತದೆ, ಹಾಗಾಗಿ ಒಳಗೆಲ್ಲ ಮ್ಯಾಗ್ನಸೈಟ್ ಅನ್ನುವ ಖನಿಜ ಬಳಿಯುತ್ತಾರೆ. ಅಚ್ಚಿನ ಮೇಲೆ ಚೊಂಬಿನ ಹಾಗೆ ಒಂದು ಗುಂಡಿ ಬಿಟ್ಟಿದ್ದರು. ಅದು ರೈಸರ್.

ಫರ್ನೆಸ್ ಬಾಗಿಸಿದಾಗ ನಮ್ಮನ್ನು ದೂರ ನಿಲ್ಲಿಸಿದರು. ಆದರೂ ಮುಖ ಸುಟ್ಟಂತಾಯಿತು. ಉಕ್ಕು ಕೆಂಪಗಿರುತ್ತದೆ ಅಂದುಕೊಂಡಿದ್ದೆ, ಅದು ಬಿಳಿ, ಕಣ್ಣು ಬಿಡಲಾಗದಷ್ಟು ಬಿಳಿ. ಅಚ್ಚು ತುಂಬಿ ರೈಸರ್‌ವರೆಗೆ ಬಂತು. ಸ್ವಲ್ಪ ಹೊತ್ತಿಗೆ ರೈಸರ್ ನಡುವೆ ಗುಳಿ ಬೀಳತೊಡಗಿತು, ಯಾರೋ ಕೆಳಗಿನಿಂದ ಹೀರಿದ ಹಾಗೆ.

"ನೋಡ್ರಿ, ಕೆಳಗಿಂದು ಕುಗ್ಗಾಕತ್ತೈತಿ, ಮ್ಯಾಲಿಂದ ಕುಡಿಯಾಕತ್ತೈತಿ. ನಿಮ್ದು ಮಾಡಿದೋರು ಇದನ್ನ ಸಣ್ಣದು ಇಟ್ಟಿರಬೇಕು" ಅಂದರು ಚಾಚಾ.

ರೈಸರ್ ಕೊನೆಗೆ ಒಡೆದು ತೆಗೆಯುವ ಮಾಲು. ಉಳಿಸಲು ಹೋಗಿ ಅದನ್ನು ಚಿಕ್ಕದು ಮಾಡಿದರೆ, ಕುಡಿಯಲು ಉಕ್ಕು ಸಾಲದೆ ಪೊಳ್ಳು ದವಡೆಯೊಳಗೇ ಉಳಿಯುತ್ತದೆ. ಇಷ್ಟೇ ಕಥೆ. ಮಾವ ಅಲ್ಲೇ ಹಳಬರಿಗೆ ಫೋನ್ ಹಚ್ಚಲು ಹೋದರು, ನಾನೇ ತಡೆದೆ.

ಆರಿದ ಮೇಲೂ ಕೆಲಸ ಬಾಕಿ ಇರುತ್ತದೆ. ಮತ್ತೆ 1050 ಡಿಗ್ರಿ ಹತ್ತಿರ ಕಾಯಿಸಿ ನೀರಿನ ತೊಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಪೆಡಸಾಗಿ ಒಡೆಯುತ್ತದೆ. ಹಾಗಾಗಿ ನಮ್ಮದು ಸಿಗಲು ಹತ್ತು ದಿನ ಅಂದರು. ಮಾವನಿಗೆ ಬಳ್ಳಾರಿಯಲ್ಲಿ ಬೇರೆ ಕೆಲಸವಿತ್ತು, ನಾನು ಸಂಜೆ ರೈಲು ಹಿಡಿದೆ.

ಹೊರಡುವ ಮುಂಚೆ ಒಡೆದ ತುಂಡುಗಳನ್ನು ತೂಕಕ್ಕೆ ಹಾಕಿದೆವು. ಗುಜರಿ ಲೆಕ್ಕದಲ್ಲಿ ಹೊಸ ಬಿಲ್ಲಿನಿಂದ ಕಳೆಯುತ್ತಾರೆ. "ಪೊಳ್ಳಿಂದು ಕಡಿಮಿ ಆಗೂದಿಲ್ಲೇನು?" ಅಂತ ಮಾವ ಕೇಳಿದರು. ತಕ್ಕಡಿಯ ಹುಡುಗ ನಗಲೂ ಇಲ್ಲ, "ಪೊಳ್ಳು ತೂಗೂದಿಲ್ರಿ" ಅಂದ.